ರಾಜ್ಯ ಚಲನಚಿತ್ರ ಪ್ರಶಸ್ತಿ: ವಿಜೇತರ ಪಟ್ಟಿ ಮತ್ತು 'ನಾಮನಿರ್ದೇಶನ' ಕುರಿತು ಸಾರ್ವಜನಿಕ ಮಾಹಿತಿ

ಕರ್ನಾಟಕ ಸರ್ಕಾರವು 1966-67ನೇ ಸಾಲಿನಿಂದ ಚಲನಚಿತ್ರಗಳಿಗೂ, ಕಲಾವಿದರು ಹಾಗೂ ತಂತ್ರಜ್ಞರಿಗೂ ರಾಜ್ಯ ಪ್ರಶಸ್ತಿಗಳನ್ನು ನೀಡುತ್ತಾ ಬಂದಿದೆ. ಪ್ರಶಸ್ತಿಗೆ ಸಂಬಂಧಿಸಿದ ಕಾರ್ಯವನ್ನು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯು ನಿರ್ವಹಿಸುತ್ತದೆ. ಇಲಾಖೆಯ ಕೇಂದ್ರ ಕಚೇರಿಯಾದ ವಾರ್ತಾ ಸೌಧವು ಬೆಂಗಳೂರು ದಂಡು ಪ್ರದೇಶದಲ್ಲಿ, ಹಿಂದೆ ಇನ್‌ಫೆಂಟ್ರಿ ರಸ್ತೆ ಎಂದು ಕರೆಯಲಾಗುತ್ತಿದ್ದ ಭಗವಾನ್ ಮಹಾವೀರ ರಸ್ತೆಯಲ್ಲಿದ್ದು, ಶಿವಾಜಿನಗರಕ್ಕೆ ಸಮೀಪದಲ್ಲಿದೆ.

ಪ್ರಶಸ್ತಿ ಪಟ್ಟಿಯನ್ನು ಕೇವಲ ಕುತೂಹಲಕ್ಕಾಗಿ ಓದುವವರು ಹಲವರು. ಆದರೆ ಒಬ್ಬ ಸಂಕಲನಕಾರ, ಪೋಷಕ ನಟಿ ಅಥವಾ ಒಂದೇ ಚಿತ್ರವನ್ನು ನಿರ್ಮಿಸಿದ ಸಣ್ಣ ನಿರ್ಮಾಪಕರಿಗೆ ಅದೇ ಪಟ್ಟಿಯು ತಮ್ಮ ಕೆಲಸದ ಅಧಿಕೃತ ದಾಖಲೆಯಾಗಿರುತ್ತದೆ. ಅರ್ಜಿಯೊಂದರಲ್ಲಿ ಸಾಲು, ವಿಭಾಗ ಅಥವಾ ಪ್ರಶಸ್ತಿಯ ಹೆಸರನ್ನು ತಪ್ಪಾಗಿ ನಮೂದಿಸಿದಲ್ಲಿ ನಿಜವಾದ ವಿಜೇತರೂ ತೊಂದರೆಗೆ ಒಳಗಾಗುವ ಸಂಭವವಿದೆ. ಆದ್ದರಿಂದ ಪಟ್ಟಿಯನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನಾಮನಿರ್ದೇಶಿತರ ಪಟ್ಟಿ ಇರುವುದಿಲ್ಲ

ಸಾರ್ವಜನಿಕರು ಮೊದಲು ಗಮನಿಸಬೇಕಾದ ಅಂಶವೆಂದರೆ, ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಸಮಾರಂಭಕ್ಕೆ ಮುಂಚಿತವಾಗಿ ನಾಲ್ಕೈದು ಹೆಸರುಗಳನ್ನು ಪ್ರಕಟಿಸಿ, ವೇದಿಕೆಯ ಮೇಲೆ ಲಕೋಟೆ ತೆರೆದು ಒಬ್ಬರನ್ನು ಘೋಷಿಸುವ ಪದ್ಧತಿ ಇರುವುದಿಲ್ಲ. ನಿರ್ಮಾಪಕರು ಅರ್ಜಿ ಸಲ್ಲಿಸುತ್ತಾರೆ. ಸರ್ಕಾರವು ನೇಮಿಸಿದ ಆಯ್ಕೆ ಸಮಿತಿಯು ಚಿತ್ರಗಳನ್ನು ವೀಕ್ಷಿಸಿ ವರದಿ ನೀಡುತ್ತದೆ. ತದನಂತರ ವಿಜೇತರ ಪಟ್ಟಿಯು ಪ್ರಕಟವಾಗುತ್ತದೆ. ಅರ್ಜಿ ಮತ್ತು ವಿಜೇತ ಎಂಬ ಈ ಎರಡರ ನಡುವೆ ಮೂರನೆಯ ಸ್ಥಾನಮಾನವೊಂದಿಲ್ಲ. ಹೀಗಾಗಿ 'ರಾಜ್ಯ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಚಿತ್ರ' ಎಂದು ಭಿತ್ತಿಪತ್ರಗಳಲ್ಲಿ ಅಥವಾ ವ್ಯಕ್ತಿಪರಿಚಯಗಳಲ್ಲಿ ಬರೆದುಕೊಂಡರೆ, ಅದರ ಅರ್ಥ ಆ ಚಿತ್ರಕ್ಕಾಗಿ ಅರ್ಜಿ ಸಲ್ಲಿಸಲಾಗಿತ್ತು ಎಂಬಷ್ಟೇ ಆಗಿರುತ್ತದೆ. ಅರ್ಜಿ ಸಲ್ಲಿಸಿದ ಎಲ್ಲ ಚಿತ್ರಗಳೂ ಈ ಅರ್ಥದಲ್ಲಿ ಸಮಾನವೇ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿಯೂ ಸ್ಥಿತಿ ಇದೇ ಆಗಿದೆ. ಅಲ್ಲಿ ಪ್ರಾದೇಶಿಕ ಹಂತ ಮತ್ತು ಕೇಂದ್ರ ಹಂತ ಎಂಬ ಎರಡು ಹಂತಗಳ ಪರಿಶೀಲನೆ ನಡೆಯುತ್ತದೆಯಾದರೂ ನಾಮನಿರ್ದೇಶಿತರ ಪಟ್ಟಿಯನ್ನು ಹೊರಡಿಸುವುದಿಲ್ಲ.

ನಾಮನಿರ್ದೇಶನ ಎಂಬ ಪದವು ಜನರ ಬಾಯಲ್ಲಿ ಬಳಕೆಗೆ ಬಂದಿರುವುದು ಖಾಸಗಿ ಪ್ರಶಸ್ತಿಗಳಿಂದ. ಫಿಲ್ಮ್‌ಫೇರ್ ಸಂಸ್ಥೆಯು ದಕ್ಷಿಣದ ಚಿತ್ರಗಳಿಗೆ ನೀಡುವ ಪ್ರಶಸ್ತಿಗಳು ಕನ್ನಡಕ್ಕೆ 1970ರ ದಶಕದಲ್ಲಿ ವಿಸ್ತರಣೆಗೊಂಡವು. ಸೈಮಾ ಪ್ರಶಸ್ತಿಗಳು 2012ರಲ್ಲಿ ಆರಂಭವಾದವು. ಇವೆರಡರಲ್ಲಿಯೂ ಪ್ರತಿ ವಿಭಾಗಕ್ಕೆ ಹಲವು ಹೆಸರುಗಳು ಮೊದಲೇ ಪ್ರಕಟವಾಗುತ್ತವೆ. ಆದುದರಿಂದ ಅಲ್ಲಿ ನಾಮನಿರ್ದೇಶಿತರು ಎಂದು ಹೇಳಿಕೊಳ್ಳುವುದಕ್ಕೆ ಆಧಾರವಿರುತ್ತದೆ. 2022ರಲ್ಲಿ ಈ ಎರಡೂ ಸಮಾರಂಭಗಳು ಬೆಂಗಳೂರಿನಲ್ಲಿಯೇ ಜರುಗಿದವು. ಆ ವರ್ಷದ ಫಿಲ್ಮ್‌ಫೇರ್ ಸಮಾರಂಭದಲ್ಲಿ 'ಆಕ್ಟ್ 1978' ಅತ್ಯುತ್ತಮ ಕನ್ನಡ ಚಿತ್ರವೆಂದೂ, 'ಬಡವ ರಾಸ್ಕಲ್' ಚಿತ್ರಕ್ಕಾಗಿ ಧನಂಜಯ ಅತ್ಯುತ್ತಮ ನಟರೆಂದೂ, 'ಆಕ್ಟ್ 1978'ರ ಯಜ್ಞಾ ಶೆಟ್ಟಿ ಅತ್ಯುತ್ತಮ ನಟಿಯೆಂದೂ ಆಯ್ಕೆಯಾದರು. ಅದೇ ವೇದಿಕೆಯಲ್ಲಿ ದಿವಂಗತ ಪುನೀತ್ ರಾಜ್‌ಕುಮಾರ್ ಅವರಿಗೆ ಜೀವಮಾನ ಸಾಧನೆಯ ಗೌರವವನ್ನು ಸಲ್ಲಿಸಲಾಯಿತು. ಇವು ಖಾಸಗಿ ಪ್ರಶಸ್ತಿಗಳಾಗಿದ್ದು, ಇವುಗಳ ದಾಖಲೆಗಳು ಇಲಾಖೆಯಲ್ಲಿ ದೊರೆಯುವುದಿಲ್ಲ.

'ಸಾಲು' ಎಂದರೆ ಸಮಾರಂಭದ ವರ್ಷವಲ್ಲ

ಹೆಚ್ಚಿನ ಗೊಂದಲ ಉಂಟಾಗುವುದು ವರ್ಷದ ವಿಷಯದಲ್ಲಿ. ಪ್ರಶಸ್ತಿಯ ಸಾಲು ಎಂದರೆ ಚಿತ್ರವು ಚಲನಚಿತ್ರ ಪ್ರಮಾಣೀಕರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದ ವರ್ಷ. ವಾಡಿಕೆಯ ಮಾತಿನಲ್ಲಿ ಹೇಳುವುದಾದರೆ ಸೆನ್ಸಾರ್ ಆದ ವರ್ಷ. ಚಿತ್ರಮಂದಿರದಲ್ಲಿ ತೆರೆಕಂಡ ದಿನಾಂಕವಾಗಲೀ, ಪ್ರಶಸ್ತಿ ಪ್ರದಾನವಾದ ದಿನಾಂಕವಾಗಲೀ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಳೆಯ ಪಟ್ಟಿಗಳಲ್ಲಿ ಸಾಲನ್ನು 1975-76, 1979-80 ಎಂಬಂತೆ ಎರಡು ಇಸವಿಗಳ ಜೋಡಿಯಾಗಿ ನಮೂದಿಸಲಾಗಿದೆ. ಶಂಕರ್‌ನಾಗ್ ನಿರ್ದೇಶನದ 'ಮಿಂಚಿನ ಓಟ' 1979-80ನೇ ಸಾಲಿನ ಪ್ರಥಮ ಅತ್ಯುತ್ತಮ ಚಿತ್ರವೆಂದು ದಾಖಲಾಗಿರುವುದನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. 2010-11ನೇ ಸಾಲಿನ ನಂತರ 2011, 2012 ಎಂದು ಒಂದೇ ಇಸವಿಯ ಕ್ರಮವು ಜಾರಿಗೆ ಬಂದಿತು. ಅಂದಿನಿಂದ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಅವಧಿಯನ್ನು ಒಂದು ಸಾಲೆಂದು ಪರಿಗಣಿಸಲಾಗುತ್ತಿದೆ. ಹಳೆಯ ಪ್ರಶಸ್ತಿಯನ್ನು ಅರ್ಜಿಯಲ್ಲಿ ಉಲ್ಲೇಖಿಸುವವರು ಜೋಡಿ ಇಸವಿಯನ್ನು ಹಾಗೆಯೇ ಬರೆಯತಕ್ಕದ್ದು. ಒಂದು ಇಸವಿಯನ್ನು ಬಿಟ್ಟು ಬರೆದಲ್ಲಿ ಕಡತದಲ್ಲಿ ಹುಡುಕುವುದು ಕಷ್ಟವಾಗುತ್ತದೆ.

ಸಾಲಿಗೂ ಸಮಾರಂಭಕ್ಕೂ ನಡುವಿನ ಅಂತರವು ಇತ್ತೀಚಿನ ದಿನಗಳಲ್ಲಿ ಬಹಳ ಹಿಗ್ಗಿದೆ ಎಂಬುದನ್ನು ಒಪ್ಪಲೇಬೇಕಾಗುತ್ತದೆ. 2018ನೇ ಸಾಲಿನಲ್ಲಿ 'ಆ ಕರಾಳ ರಾತ್ರಿ' ಪ್ರಥಮ ಅತ್ಯುತ್ತಮ ಚಿತ್ರವಾಗಿ ಆಯ್ಕೆಯಾಯಿತು. 'ಅಮ್ಮನ ಮನೆ' ಚಿತ್ರಕ್ಕಾಗಿ ರಾಘವೇಂದ್ರ ರಾಜ್‌ಕುಮಾರ್ ಅತ್ಯುತ್ತಮ ನಟ, 'ಇರುವುದೆಲ್ಲವ ಬಿಟ್ಟು' ಚಿತ್ರಕ್ಕಾಗಿ ಮೇಘನಾ ರಾಜ್ ಅತ್ಯುತ್ತಮ ನಟಿ ಎಂದು ಘೋಷಿತರಾದರು. ಈ ಹೆಸರುಗಳು 2020ರ ಜನವರಿಯಲ್ಲಿ ಪ್ರಕಟವಾದರೂ ಪ್ರಶಸ್ತಿ ಪ್ರದಾನ ನಡೆದದ್ದು 2025ರ ನವೆಂಬರ್‌ನಲ್ಲಿ, ಮೈಸೂರಿನಲ್ಲಿ. 2019ನೇ ಸಾಲಿನ ಪ್ರಶಸ್ತಿಗಳೊಂದಿಗೆ. ಖ್ಯಾತ ನಟರಿಗೆ ಈ ವಿಳಂಬವು ಅಷ್ಟಾಗಿ ಬಾಧಿಸದಿರಬಹುದು. ಮುಂದಿನ ಕೆಲಸಕ್ಕೆ ಪ್ರಶಸ್ತಿಪತ್ರವನ್ನೇ ಪರಿಚಯಪತ್ರವಾಗಿ ತೋರಿಸಬೇಕಾದ ಹೊಸ ತಂತ್ರಜ್ಞರಿಗೆ ಏಳು ವರ್ಷ ಸಣ್ಣ ಅವಧಿಯಲ್ಲ. ಇಂತಹ ಸಂದರ್ಭದಲ್ಲಿ ಫಲಕ ಕೈಸೇರುವವರೆಗೆ ಪ್ರಕಟಿತ ಆಯ್ಕೆ ಪಟ್ಟಿಯೇ ಅವರ ಬಳಿ ಇರುವ ಆಧಾರವಾಗಿರುತ್ತದೆ.

2019ನೇ ಸಾಲಿನ ಒಂದು ವಿಶೇಷ ಪ್ರಸಂಗ

2019ನೇ ಸಾಲಿನ ಪಟ್ಟಿಯು 2025ರ ಜನವರಿಯಲ್ಲಿ ಪ್ರಕಟವಾಯಿತು. ಪಿ. ಶೇಷಾದ್ರಿ ನಿರ್ದೇಶನದ 'ಮೋಹನದಾಸ' ಪ್ರಥಮ ಅತ್ಯುತ್ತಮ ಚಿತ್ರವಾಗಿಯೂ, 'ಲವ್ ಮಾಕ್‌ಟೇಲ್' ದ್ವಿತೀಯ ಅತ್ಯುತ್ತಮ ಚಿತ್ರವಾಗಿಯೂ ಆಯ್ಕೆಯಾದವು. 'ತ್ರಯಂಬಕಂ' ಚಿತ್ರಕ್ಕಾಗಿ ಅನುಪಮಾ ಗೌಡ ಅತ್ಯುತ್ತಮ ನಟಿಯಾದರು. ಅತ್ಯುತ್ತಮ ನಟನ ಸ್ಥಾನದಲ್ಲಿ 'ಪೈಲ್ವಾನ್' ಚಿತ್ರಕ್ಕಾಗಿ ಸುದೀಪ್ ಅವರ ಹೆಸರಿತ್ತು. ಪ್ರಶಸ್ತಿಗಳನ್ನು ಸ್ವೀಕರಿಸದಿರಲು ತಾವು ಹಲವು ವರ್ಷಗಳ ಹಿಂದೆಯೇ ನಿರ್ಧರಿಸಿರುವುದಾಗಿಯೂ, ಅರ್ಹರಾದ ಇನ್ನೊಬ್ಬ ಕಲಾವಿದರಿಗೆ ಇದು ಸಲ್ಲಬೇಕೆಂಬುದು ತಮ್ಮ ಇಚ್ಛೆಯೆಂದೂ ಅವರು ಬಹಿರಂಗವಾಗಿ ತಿಳಿಸಿ, ಸಮಿತಿಗೆ ಕೃತಜ್ಞತೆ ಅರ್ಪಿಸಿದರು.

ಹಾಗಾದರೆ ಆ ಇನ್ನೊಬ್ಬರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ನಾಮನಿರ್ದೇಶಿತರ ಪಟ್ಟಿ ಪ್ರಕಟವಾಗುವ ಪ್ರಶಸ್ತಿಯಲ್ಲಿ ಜನರು ಕನಿಷ್ಠ ಊಹಿಸಬಹುದಿತ್ತು. ರಾಜ್ಯ ಪ್ರಶಸ್ತಿಯಲ್ಲಿ ಅಂತಹ ಪ್ರಕಟಿತ ಪಟ್ಟಿಯೇ ಇಲ್ಲದ ಕಾರಣ, 'ಎರಡನೆಯ ಸ್ಥಾನದಲ್ಲಿದ್ದ ನಟ' ಎಂಬುವರು ಸಾರ್ವಜನಿಕ ದಾಖಲೆಯಲ್ಲಿ ಇರುವುದಿಲ್ಲ. ಪ್ರಥಮ, ದ್ವಿತೀಯ, ತೃತೀಯ ಎಂಬ ಶ್ರೇಣಿಯು ಚಿತ್ರಗಳಿಗೆ ಮಾತ್ರ ಅನ್ವಯಿಸುತ್ತದೆ, ನಟನೆಗೆ ಅನ್ವಯಿಸುವುದಿಲ್ಲ.

ನಂತರದ ಎರಡು ಸಾಲುಗಳ ಪಟ್ಟಿಗಳೂ 2025ರಲ್ಲಿಯೇ ಹೊರಬಿದ್ದವು. 2020ನೇ ಸಾಲಿಗೆ 'ಪಿಂಕಿ ಎಲ್ಲಿ?' ಪ್ರಥಮ ಅತ್ಯುತ್ತಮ ಚಿತ್ರ. ಅದೇ ಚಿತ್ರದ ಅಕ್ಷತಾ ಪಾಂಡವಪುರ ಅತ್ಯುತ್ತಮ ನಟಿ. 'ಜಂಟಲ್‌ಮನ್' ಚಿತ್ರದ ಪ್ರಜ್ವಲ್ ದೇವರಾಜ್ ಅತ್ಯುತ್ತಮ ನಟ. 2021ನೇ ಸಾಲಿಗೆ 'ದೊಡ್ಡಹಟ್ಟಿ ಬೋರೇಗೌಡ' ಪ್ರಥಮ ಅತ್ಯುತ್ತಮ ಚಿತ್ರವಾಯಿತು. '777 ಚಾರ್ಲಿ' ಚಿತ್ರಕ್ಕಾಗಿ ರಕ್ಷಿತ್ ಶೆಟ್ಟಿ ಅತ್ಯುತ್ತಮ ನಟರಾಗಿ ಆಯ್ಕೆಯಾದರು. ಅರ್ಚನಾ ಜೋಯಿಸ್ ಅತ್ಯುತ್ತಮ ನಟಿಯಾಗಿ ಆಯ್ಕೆಯಾದರು.

ವಿಭಾಗಗಳ ಹೆಸರುಗಳು

ಮೂರು ಅತ್ಯುತ್ತಮ ಚಿತ್ರಗಳಲ್ಲದೆ ವಿಶೇಷ ಸಾಮಾಜಿಕ ಕಾಳಜಿಯ ಚಿತ್ರ, ಅತ್ಯುತ್ತಮ ಜನಪ್ರಿಯ ಮನರಂಜನಾ ಚಿತ್ರ, ಮಕ್ಕಳ ಚಿತ್ರ ಹಾಗೂ ನಿರ್ದೇಶಕರ ಪ್ರಥಮ ನಿರ್ದೇಶನದ ಚಿತ್ರಗಳಿಗೆ ಪ್ರತ್ಯೇಕ ಪ್ರಶಸ್ತಿಗಳಿವೆ. ತುಳು, ಕೊಡವ, ಕೊಂಕಣಿ ಮೊದಲಾದ ಭಾಷೆಗಳ ಚಿತ್ರಗಳನ್ನು ಪ್ರಾದೇಶಿಕ ಭಾಷಾ ಚಿತ್ರದ ವಿಭಾಗದಲ್ಲಿ ಪರಿಗಣಿಸಲಾಗುತ್ತದೆ. ಇತ್ತೀಚಿನ ಸಾಲುಗಳಲ್ಲಿ ಕಿರುಚಿತ್ರ ಮತ್ತು ಚಲನಚಿತ್ರ ಕುರಿತ ಪುಸ್ತಕಗಳೂ ಸೇರ್ಪಡೆಯಾಗಿವೆ.

ಕೆಲವು ವೈಯಕ್ತಿಕ ಪ್ರಶಸ್ತಿಗಳಿಗೆ ಹಿರಿಯರ ಹೆಸರನ್ನು ಇರಿಸಲಾಗಿದೆ. ಅತ್ಯುತ್ತಮ ನಟ ಪ್ರಶಸ್ತಿಯು ಸುಬ್ಬಯ್ಯ ನಾಯ್ಡು ಅವರ ಹೆಸರಿನಲ್ಲಿದೆ. ಇವರು 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ನಾಯಕ ನಟರು. ಪೋಷಕ ನಟ ಪ್ರಶಸ್ತಿಯು ಕೆ.ಎಸ್. ಅಶ್ವತ್ಥ್ ಅವರ ಹೆಸರಿನಲ್ಲಿದೆ. ಇವುಗಳನ್ನು ಡಾ. ರಾಜ್‌ಕುಮಾರ್, ಪುಟ್ಟಣ್ಣ ಕಣಗಾಲ್ ಮತ್ತು ಡಾ. ವಿಷ್ಣುವರ್ಧನ್ ಪ್ರಶಸ್ತಿಗಳೊಂದಿಗೆ ಸೇರಿಸಿ ಓದಬಾರದು. ಮೊದಲ ಎರಡು ಆಯಾ ಸಾಲಿನ ಒಂದು ಪಾತ್ರಕ್ಕೆ ಸಲ್ಲುವಂಥವು. ಈ ಮೂರು ದೀರ್ಘಕಾಲದ ಸೇವೆಗೆ ಸಲ್ಲುವಂಥವು. ಪುಟ್ಟಣ್ಣ ಕಣಗಾಲ್ ಪ್ರಶಸ್ತಿಯು ನಿರ್ದೇಶಕರಿಗೆ ಮೀಸಲು.

ಕರ್ನಾಟಕ ಚಲನಚಿತ್ರ ಅಕಾಡೆಮಿಯು 2009ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳ ಸ್ಪರ್ಧಾ ವಿಭಾಗವೊಂದಿದ್ದು, ಅಲ್ಲಿ ದೊರೆತ ಬಹುಮಾನವು ರಾಜ್ಯ ಪ್ರಶಸ್ತಿಯಲ್ಲ. ಎರಡನ್ನೂ ಸರ್ಕಾರದ ಪ್ರಶಸ್ತಿ ಎಂದು ಒಟ್ಟಾಗಿ ಬರೆಯುವ ಅಭ್ಯಾಸವು ಅನೇಕರಲ್ಲಿದೆ.

ರಾಷ್ಟ್ರ ಪ್ರಶಸ್ತಿ ಪಡೆದ ಕನ್ನಡ ಚಿತ್ರಗಳು

ರಾಜ್ಯ ಪ್ರಶಸ್ತಿ ಸ್ಥಾಪನೆಗೆ ಮುನ್ನವೇ, 1954ರ 'ಬೇಡರ ಕಣ್ಣಪ್ಪ' ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅರ್ಹತಾ ಪ್ರಮಾಣಪತ್ರ ಲಭಿಸಿತ್ತು. ಆ ಬಳಿಕ ದೇಶದ ಅತ್ಯುತ್ತಮ ಕಥಾಚಿತ್ರವೆನಿಸಿದ ಕನ್ನಡ ಚಿತ್ರಗಳೆಂದರೆ 'ಸಂಸ್ಕಾರ' 1970, 'ಚೋಮನ ದುಡಿ' 1975, 'ಘಟಶ್ರಾದ್ಧ' 1977, 'ತಬರನ ಕಥೆ' 1986, 'ತಾಯಿ ಸಾಹೇಬ' 1997 ಮತ್ತು 'ದ್ವೀಪ' 2001. ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನದವು. ಬ್ಯಾರಿ ಭಾಷೆಯ 'ಬ್ಯಾರಿ' 2011ರಲ್ಲಿ ಮರಾಠಿಯ 'ದೇವೂಳ್' ಚಿತ್ರದೊಂದಿಗೆ ಇದೇ ಗೌರವವನ್ನು ಹಂಚಿಕೊಂಡಿತು.

ಅಭಿನಯಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರಲ್ಲಿ 'ಕಾಡು' ಚಿತ್ರದ ನಂದಿನಿ ಭಕ್ತವತ್ಸಲ, 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್, 'ತಬರನ ಕಥೆ'ಯ ಚಾರುಹಾಸನ್, 'ಹಸೀನಾ' ಚಿತ್ರದ ತಾರಾ, 'ಗುಲಾಬಿ ಟಾಕೀಸ್'ನ ಉಮಾಶ್ರೀ, 'ನಾನು ಅವನಲ್ಲ ಅವಳು' ಚಿತ್ರದ ಸಂಚಾರಿ ವಿಜಯ್ ಹಾಗೂ 2022ನೇ ಸಾಲಿಗೆ 'ಕಾಂತಾರ'ದ ರಿಷಬ್ ಶೆಟ್ಟಿ ಸೇರಿದ್ದಾರೆ. 'ಬೆಟ್ಟದ ಹೂವು' ಚಿತ್ರಕ್ಕಾಗಿ ಬಾಲನಟ ಪ್ರಶಸ್ತಿ ಪಡೆದ ಪುನೀತ್ ರಾಜ್‌ಕುಮಾರ್ ಅವರನ್ನೂ ಇಲ್ಲಿ ನೆನೆಯಬೇಕು.

ದಂಡು ಪ್ರದೇಶದ ಓದುಗರ ಗಮನಕ್ಕೆ

ಪ್ರಶಸ್ತಿ ಕಡತಗಳನ್ನು ನಿರ್ವಹಿಸುವ ಕಚೇರಿಯು ದಂಡು ಪ್ರದೇಶದಲ್ಲಿದ್ದರೂ, ಅದೇ ಭಾಗದ ಹಳೆಯ ಚಿತ್ರಮಂದಿರಗಳು ಬಹುಕಾಲ ಇಂಗ್ಲಿಷ್ ಚಿತ್ರಗಳಿಗೆ ಹೆಸರಾಗಿದ್ದವು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿನ ಲಿಡೊ ಇವುಗಳಲ್ಲಿ ಪ್ರಮುಖವಾದವು. ಪ್ರಶಸ್ತಿ ಪಡೆದ ಕನ್ನಡ ಚಿತ್ರವನ್ನು ನೋಡಬೇಕಾದರೆ ಜನರು ಸಾಮಾನ್ಯವಾಗಿ ಕೆಂಪೇಗೌಡ ರಸ್ತೆಯ ಕಡೆಗೆ ಹೋಗುತ್ತಿದ್ದರು. ಪ್ಲಾಜಾ ಇದ್ದ ಸ್ಥಳವು ಮೆಟ್ರೊ ಯೋಜನೆಗೆ ಸೇರಿತು. ಲಿಡೊ ಇದ್ದಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿತು. ರೆಕ್ಸ್ 2018ರ ಡಿಸೆಂಬರ್ 31ರಂದು ಕೊನೆಯ ಪ್ರದರ್ಶನ ನೀಡಿತು.

ಹಲಸೂರು, ಇಂದಿರಾನಗರ ಮತ್ತು ಬೈಯಪ್ಪನಹಳ್ಳಿ ಕಡೆಯಿಂದ ವಾರ್ತಾ ಸೌಧಕ್ಕೆ ಬರುವವರು ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿಯಬಹುದು. ಬೈಯಪ್ಪನಹಳ್ಳಿ ಮತ್ತು ಕೃಷ್ಣರಾಜಪುರ ನಡುವಿನ ಮಾರ್ಗವು 2023ರ ಅಕ್ಟೋಬರ್ 9ರಿಂದ ಸಂಚಾರಕ್ಕೆ ತೆರೆದಿರುವುದರಿಂದ ಕೃಷ್ಣರಾಜಪುರದವರಿಗೂ ಈ ಮಾರ್ಗವೇ ಅನುಕೂಲ. ಬಸ್ಸಿನಲ್ಲಿ ಬರುವವರಿಗೆ ಶಿವಾಜಿನಗರ ಬಸ್ ನಿಲ್ದಾಣವು ಹತ್ತಿರವಾಗುತ್ತದೆ.

ದೃಢೀಕೃತ ಪ್ರತಿ ಪಡೆಯುವ ವಿಧಾನ

ಯಾವುದೇ ಸಾಲಿನ ಆಯ್ಕೆ ಪಟ್ಟಿಯ ದೃಢೀಕೃತ ಪ್ರತಿಯ ಅಗತ್ಯವಿರುವ ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಅರ್ಜಿಯಲ್ಲಿ ಚಿತ್ರದ ಹೆಸರು, ಪ್ರಶಸ್ತಿಯ ಸಾಲು ಮತ್ತು ವಿಭಾಗವನ್ನು ಸ್ಪಷ್ಟವಾಗಿ ಬರೆಯುವುದು ಸೂಕ್ತ. ಸಾಲು ತಿಳಿಯದಿದ್ದಲ್ಲಿ ಸೆನ್ಸಾರ್ ಪ್ರಮಾಣಪತ್ರದ ದಿನಾಂಕವನ್ನು ನಮೂದಿಸಬಹುದು.

ಗುಣಾತ್ಮಕ ಕನ್ನಡ ಚಿತ್ರಗಳಿಗೆ ನೀಡುವ ಸಹಾಯಧನವು ಬೇರೆಯೇ ಯೋಜನೆಯಾಗಿದ್ದು, ಅದಕ್ಕೆ ಬೇರೆ ಅರ್ಜಿ ಹಾಗೂ ಬೇರೆ ಆಯ್ಕೆ ಸಮಿತಿ ಇರುತ್ತದೆ. ಪ್ರಶಸ್ತಿಗೆ ಸಲ್ಲಿಸಿದ ಅರ್ಜಿಯನ್ನು ಸಹಾಯಧನಕ್ಕೆ ಸಲ್ಲಿಸಿದ ಅರ್ಜಿಯೆಂದು ಭಾವಿಸಿ ನಿರ್ಮಾಪಕರು ಕೊನೆಯ ದಿನಾಂಕವನ್ನು ಕಳೆದುಕೊಳ್ಳಬಾರದು.