ಹಳೆಯ ಕೋಟು, ಹೊಸ ಕಂಬಳಿ

ಬಂಗಾರಪೇಟೆಯಿಂದ ಹೊರಟು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುವ ರೈಲು ಹಳಿ ಹುಟ್ಟಿದ್ದು ಚಿನ್ನದ ಗಣಿಗಾಗಿ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಆ ಹಳಿಯ ಮುಖ್ಯ ಸರಕು ಮನುಷ್ಯರೇ. ನಸುಕಿನಲ್ಲೇ ಎದ್ದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವ ಜನ. ಮಾಗಿಯ ಚಳಿ ಬಲ್ಲ ಈ ಎತ್ತರದ ಸೀಮೆಯಲ್ಲಿ ಬಡವರ ಮನೆಗೆ ಒಂದು ಅಗ್ಗದ ರಗ್ಗು ಬೇಕೇ ಬೇಕು. ನೆರೆ ಬಂದಾಗ, ಬೆಂಕಿ ಬಿದ್ದಾಗ ಪರಿಹಾರವೆಂದು ಹಂಚುತ್ತಿದ್ದ ಬೂದು ಬಣ್ಣದ ರಗ್ಗೂ ಅದೇ ಜಾತಿಯದು. ಅದರ ಉಣ್ಣೆ ಯಾವ ಕುರಿಯದು ಎಂದು ಕೇಳಿದರೆ ಉತ್ತರ ಹುಡುಕಲು ಅರ್ಧ ಜಗತ್ತು ಸುತ್ತಬೇಕಾಗುತ್ತದೆ.

ಕೋಲಾರಕ್ಕೆ ಕಂಬಳಿ ಹೊಸದಲ್ಲ. 20ನೇ ಶತಮಾನದ ಆರಂಭದ ಗೆಜೆಟಿಯರ್ ಕೋಲಾರ ಪಟ್ಟಣದ ಕಸುಬುಗಳನ್ನು ಹೇಳುವಾಗ ರೇಷ್ಮೆಯ ಜೊತೆಗೆ ಒರಟು ಉಣ್ಣೆ ಕಂಬಳಿಯನ್ನೂ ಹೆಸರಿಸುತ್ತದೆ. ಕುರುಬರು ಕುರಿಯ ತುಪ್ಪಟ ಕತ್ತರಿಸಿ, ಮನೆಯಲ್ಲೇ ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮದುವೆಯಲ್ಲಿ ಗದ್ದುಗೆ. ಹಳೆಯ ಬಟ್ಟೆಗೂ ನಾಡಿನಲ್ಲಿ ಮರುಜನ್ಮವಿತ್ತು. ಉತ್ತರ ಕರ್ನಾಟಕದಲ್ಲಿ ಅಜ್ಜಿಯ ಸೀರೆ ಕೌದಿಯಾಗುತ್ತಿತ್ತು. ಆದರೆ ಕೌದಿ ಒಂದೇ ಮನೆಯ ನೆನಪು. ಕಾಣದ ದೇಶಗಳ ಹಳೆ ಬಟ್ಟೆಯನ್ನು ತೂಕದ ಲೆಕ್ಕದಲ್ಲಿ ಕೊಂಡು ಹೊಸ ಸರಕು ಮಾಡುವುದು ಬೇರೆಯೇ ವಿದ್ಯೆ.

ಆ ವಿದ್ಯೆಯ ತವರು ಇಂಗ್ಲೆಂಡಿನ ಯಾರ್ಕ್‌ಷೈರ್. 1813ರಲ್ಲಿ ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ, ಹಳೆಯ ಉಣ್ಣೆ ಚಿಂದಿಯನ್ನು ಹಿಂಜಿ, ಹೊಸ ಉಣ್ಣೆ ಬೆರೆಸಿ ನೂಲುವ ಬಗೆಯನ್ನು ಕಂಡುಕೊಂಡ. ಆ ಬಟ್ಟೆಗೆ ‘ಶಾಡಿ’ ಎಂಬ ಹೆಸರಾಯಿತು. ಸ್ಥಳೀಯ ಚಿಂದಿ ಸಾಲದಾದಾಗ ವರ್ತಕರು ಹೊರದೇಶಗಳತ್ತ ನೋಡಿದರು. 1867ರಲ್ಲಿ ಪ್ರಕಟವಾದ ‘ಬಂಡವಾಳ’ ಗ್ರಂಥದಲ್ಲಿ ಕಾರ್ಲ್ ಮಾರ್ಕ್ಸ್ ಈ ವ್ಯಾಪಾರವನ್ನು ಕುರಿತು ಬರೆದಿದ್ದಾನೆ. ಜರ್ಮನಿ, ಫ್ರಾನ್ಸ್, ರಷ್ಯಾ, ಇಟಲಿ, ಈಜಿಪ್ಟ್, ತುರ್ಕಿಯಷ್ಟೇ ಅಲ್ಲ, ಜಪಾನಿನಿಂದಲೂ ಚಿಂದಿ ಇಂಗ್ಲೆಂಡಿಗೆ ಬರುತ್ತಿತ್ತು. ಅದನ್ನು ವಿಂಗಡಿಸುತ್ತಿದ್ದ ಹೆಂಗಸರು ಸಿಡುಬಿಗೆ ಮೊದಲು ತುತ್ತಾಗುತ್ತಿದ್ದರು. ಅಗ್ಗದ ಬಟ್ಟೆಯ ಬೆಲೆಯನ್ನು ಯಾರೋ ಎಲ್ಲೋ ತೆರುತ್ತಾರೆಂಬುದಕ್ಕೆ ಅದು ಹಳೆಯ ಸಾಕ್ಷಿ. 1861ರಲ್ಲಿ ಆರಂಭವಾದ ಅಮೆರಿಕದ ಅಂತರ್ಯುದ್ಧದಲ್ಲಿ ಶಾಡಿಯ ಸಮವಸ್ತ್ರಗಳು ಸೈನಿಕರ ಮೈಮೇಲೆಯೇ ಪಿಸಿದುಹೋದವು. ಅಂದಿನಿಂದ ಕಳಪೆ ಕೆಲಸಕ್ಕೆಲ್ಲ ಇಂಗ್ಲಿಷಿನಲ್ಲಿ ಅದೇ ಪದ ಬಳಕೆಯಾಗತೊಡಗಿತು.

ಪರದೇಶದ ಬಟ್ಟೆ ಭಾರತದಲ್ಲಿ ಕೇವಲ ಬಟ್ಟೆಯಾಗಿ ಉಳಿಯಲಿಲ್ಲ. 1921ರ ಜುಲೈ 31ರಂದು ಮುಂಬಯಿಯಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಹಚ್ಚಿದಾಗ ಅವರ ಆಪ್ತ ಸಿ.ಎಫ್. ಆಂಡ್ರೂಸ್ ನೊಂದುಕೊಂಡರು. ಸುಡುವ ಬದಲು ಬಡವರಿಗೆ ಕೊಡಬಾರದೇ ಎಂಬ ಪ್ರಶ್ನೆ ಎದ್ದಿತು. ತಾನು ಬೇಡವೆಂದದ್ದನ್ನು ಬಡವನಿಗೆ ಕೊಡುವುದು ಅವನ ಮಾನಕ್ಕೆ ಕುಂದು ಎಂಬುದು ಗಾಂಧೀಜಿಯ ನಿಲುವು. ಸುಡಲು ಮನಸ್ಸಿಲ್ಲದವರಿಗೆ ಕಾಂಗ್ರೆಸ್ ತೋರಿಸಿದ ಇನ್ನೊಂದು ದಾರಿಯೆಂದರೆ ಆ ಬಟ್ಟೆಯನ್ನು ಸಂಕಷ್ಟದಲ್ಲಿದ್ದ ತುರ್ಕಿಯ ಸ್ಮಿರ್ನಾಕ್ಕೆ ಕಳುಹಿಸುವುದು. ದಾನ ಮತ್ತು ಮಾನದ ಆ ತಕರಾರು ಇಂದಿಗೂ ಮುಗಿದಿಲ್ಲ.

ಯಾರ್ಕ್‌ಷೈರಿನ ಕಸುಬು ಕುಗ್ಗಿದಂತೆ ಅದರ ಪಾತ್ರವನ್ನು ಇಟಲಿಯ ಪ್ರಾಟೊ, ಹರಿಯಾಣದ ಪಾಣಿಪತ್ ವಹಿಸಿಕೊಂಡವು. ವ್ಯಾಪಾರದ ನಡೆ ಹೀಗಿದೆ: ಅಮೆರಿಕ, ಕೆನಡಾ, ಬ್ರಿಟನ್, ಜರ್ಮನಿ, ಕೊರಿಯಾಗಳಲ್ಲಿ ಜನ ದಾನವಾಗಿ ಕೊಟ್ಟ ಬಟ್ಟೆಯಲ್ಲಿ ಒಳ್ಳೆಯದನ್ನು ಅಲ್ಲಿನ ಅಂಗಡಿಗಳೇ ಮಾರುತ್ತವೆ. ಉಳಿದದ್ದು ತೂಕಕ್ಕೆ ಬಿಕರಿಯಾಗಿ, ವಿಂಗಡಣೆಯಾಗಿ, ಬೇಲುಗಳಲ್ಲಿ ಹಡಗು ಏರುತ್ತದೆ. ಸೆಕೆ ನಾಡಿಗೆ ಸಲ್ಲುವ ಹತ್ತಿ ಅಂಗಿ ಆಫ್ರಿಕಾಕ್ಕೆ. ಚಳಿ ದೇಶಗಳ ಸ್ವೆಟರು, ಕೋಟು ಪಾಣಿಪತ್ತಿಗೆ. ಯಾವ ದೇಶದ ಮೂಟೆಯಲ್ಲಿ ಏನು ಸಿಕ್ಕೀತು ಎಂಬ ಅಂದಾಜೇ ಈ ವರ್ತಕನ ನಿಜವಾದ ಬಂಡವಾಳ.

ಉಡಲು ಯೋಗ್ಯವಾದ ಹಳೆ ಬಟ್ಟೆಯ ಆಮದಿಗೆ ಭಾರತದಲ್ಲಿ ಪರವಾನಗಿ ಬೇಕು. ದೇಶದ ನೇಕಾರ, ಗಿರಣಿ, ದರ್ಜಿಗಳ ಹೊಟ್ಟೆಯ ಮೇಲೆ ಹೊಡೆತ ಬೀಳಬಾರದೆಂಬ ಕಾರಣಕ್ಕೆ ಈ ಕಟ್ಟು. ಮತ್ತೆ ತೊಡಲಾಗದಂತೆ ಕತ್ತರಿಸಿ ಹರಿದ ಚಿಂದಿಗೆ ಮಾತ್ರ ಸಲೀಸಾದ ದಾರಿ. ಕತ್ತರಿಯ ಕಣ್ಣು ತಪ್ಪಿಸಿ ಇಡೀ ಕೋಟುಗಳೇ ಪೇಟೆಗೆ ನುಸುಳುತ್ತವೆ ಎಂಬ ದೂರೂ ಹಳೆಯದೇ. ಗುಜರಾತಿನ ಕಾಂಡ್ಲಾ ವಲಯದಲ್ಲಿ ಇನ್ನೊಂದು ಏರ್ಪಾಟಿದೆ. ಬಂದ ಬಟ್ಟೆಯನ್ನು ಅಲ್ಲೇ ವಿಂಗಡಿಸಿ ಬಹುಪಾಲನ್ನು ಮತ್ತೆ ಹೊರದೇಶಗಳಿಗೇ ಕಳುಹಿಸಲಾಗುತ್ತದೆ. ಪಾಣಿಪತ್ತಿನಲ್ಲಿ ಹೆಂಗಸರು ಗುಂಡಿ, ಜಿಪ್ಪು, ಒಳಪದರಗಳನ್ನು ಕುಯ್ದು ತೆಗೆದು ಬಣ್ಣಬಣ್ಣದ ಗುಡ್ಡೆ ಹಾಕುತ್ತಾರೆ. ನೀಲಿ ಚಿಂದಿಯಿಂದ ನೀಲಿ ನೂಲು, ಬೂದು ಚಿಂದಿಯಿಂದ ಬೂದು ನೂಲು. ಬಣ್ಣ ಹಾಕುವ ಖರ್ಚೇ ಇಲ್ಲ. ಹಲ್ಲಿನ ಯಂತ್ರ ಬಟ್ಟೆಯನ್ನು ಮತ್ತೆ ಎಳೆಯಾಗಿ ಹಿಂಜುತ್ತದೆ. ಎಳೆ ಗಿಡ್ಡವಾದ್ದರಿಂದ ರಗ್ಗು ಬೇಗ ಸವೆಯುತ್ತದೆ. ಆದರೆ ಬೆಲೆ ಕಡಿಮೆ. ದೇಶವಿದೇಶದ ಪರಿಹಾರ ಸಂಸ್ಥೆಗಳಿಗೆ ಬೇಕಾಗಿದ್ದುದೂ ಅದೇ.

ಆಫ್ರಿಕಾದಲ್ಲಿ ಈ ಬಟ್ಟೆಗೆ ನಾಡಿಗೊಂದು ಹೆಸರು. ಜಾಂಬಿಯಾದಲ್ಲಿ ‘ಸಲಾವುಲಾ’, ಕೀನ್ಯಾದಲ್ಲಿ ‘ಮಿತುಂಬಾ’. 2016ರಲ್ಲಿ ರುವಾಂಡಾ ತನ್ನ ಉಡುಪು ಉದ್ಯಮ ಬೆಳೆಸಲು ಹಳೆ ಬಟ್ಟೆಯ ಸುಂಕ ಏರಿಸಿತು. ಅಮೆರಿಕ ಸುಮ್ಮನಿರಲಿಲ್ಲ. ರುವಾಂಡಾದ ಉಡುಪುಗಳಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನು 2018ರಲ್ಲಿ ಅಮಾನತಿನಲ್ಲಿಟ್ಟಿತು. ಬೇಡದ ಬಟ್ಟೆಯನ್ನು ಬೇಡವೆನ್ನಲೂ ಬಡ ದೇಶಕ್ಕೆ ಶಕ್ತಿ ಬೇಕೆಂಬುದನ್ನು ಆ ಪ್ರಸಂಗ ತೋರಿಸಿತು.

ಈ ಸುತ್ತಿನಲ್ಲಿ ಕರ್ನಾಟಕಕ್ಕೆ ಎರಡು ಜಾಗಗಳಿವೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಹೊಲಿದ ಉಡುಪು ಅಮೆರಿಕ, ಯುರೋಪುಗಳ ಅಂಗಡಿಗೆ ಹೋಗುತ್ತದೆ. ಅದೇ ಉಡುಪು ಹಳತಾಗಿ ಕಾಂಡ್ಲಾದ ಮೂಟೆಯಲ್ಲಿ ಮರಳಿದರೆ ಅಚ್ಚರಿಯಿಲ್ಲ. ಇನ್ನೊಂದು ಜಾಗ ಕುರುಬರ ಕಂಬಳಿಯದು. ವಾರಗಟ್ಟಲೆ ನೂತು ನೇಯ್ದ ಕಂಬಳಿ ಬೆಲೆಯಲ್ಲಿ ಚಿಂದಿಯ ರಗ್ಗಿಗೆ ಸರಿಸಾಟಿಯಾಗುವುದು ಸಾಧ್ಯವಿರಲಿಲ್ಲ. ಚಿಂದಿಯ ರಗ್ಗಿಗೂ ಈಗ ನೆಮ್ಮದಿಯಿಲ್ಲ. ಹಗುರವಾದ, ಮೆತ್ತನೆಯ ಪಾಲಿಯೆಸ್ಟರ್ ಹೊದಿಕೆ ಬಂದ ಮೇಲೆ ಪಾಣಿಪತ್ತಿನ ಹಲವು ಗಿರಣಿಗಳೇ ಶಾಡಿ ಬಿಟ್ಟು ಅದನ್ನು ಹಿಡಿದಿವೆ.

ಹೀಗೆ ಕುರಿಯ ತುಪ್ಪಟವನ್ನು ಕೋಟಿನ ಚಿಂದಿ ಸೋಲಿಸಿತು, ಚಿಂದಿಯನ್ನು ಕಲ್ಲೆಣ್ಣೆಯ ಎಳೆ ಸೋಲಿಸಿತು. ಅಗ್ಗದ ಹೊದಿಕೆ ಬಡವನ ಚಳಿ ನೀಗಿಸಿದ್ದು ಸುಳ್ಳಲ್ಲ. ಅದನ್ನು ಹಳಿಯುವುದೂ ಸಲ್ಲದು. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ಕೋಲಾರದ ಕಂಬಳಿ ಹೊದ್ದವನಿಗೆ ಅದನ್ನು ನೇಯ್ದವನ ಊರು ಗೊತ್ತಿತ್ತು. ಊರಿಗಾಂ ನಿಲ್ದಾಣದಲ್ಲಿ ಮುಂಜಾನೆಯ ರೈಲಿಗೆ ಕಾಯುವವನ ಹೊದಿಕೆಯ ಹಿಂದಿರುವ ಕೈಗಳ ಗುರುತು ಅವನಿಗಿಲ್ಲ, ಆ ಕೈಗಳಿಗೆ ಅವನ ಗುರುತೂ ಇಲ್ಲ.