ಆಲ್ ಟೆರೇನ್ ಟೈರು: ಕೊಡಗಿನ ರಸ್ತೆಗಳಲ್ಲಿ ಆಯ್ಕೆ ಮತ್ತು ಬಳಕೆ

ಡಾಂಬರು ರಸ್ತೆಯ ದಿನನಿತ್ಯದ ಓಡಾಟಕ್ಕೂ ಜಲ್ಲಿ, ಕೆಸರು, ಮರಳು ಹಾಗೂ ತೆಳು ಹಿಮದ ಮೇಲಿನ ಸಂಚಾರಕ್ಕೂ ಒಂದೇ ಟೈರು ಒದಗಬೇಕೆಂಬ ಉದ್ದೇಶದಿಂದ ರೂಪುಗೊಂಡದ್ದು ಆಲ್ ಟೆರೇನ್ ಟೈರು. ಇದನ್ನು ಟೈರಿನ ಮಗ್ಗುಲಲ್ಲಿ ಸಾಮಾನ್ಯವಾಗಿ ಎ/ಟಿ ಎಂಬ ಅಕ್ಷರಗಳಿಂದ ಗುರುತಿಸಲಾಗುತ್ತದೆ. ಇದರ ಒಂದು ಪಕ್ಕದಲ್ಲಿ, ಸಣ್ಣ ಗೆರೆಗಳೂ ಮೆತ್ತನೆಯ ಸವಾರಿಯೂ ಇರುವ, ಹೆದ್ದಾರಿಗೆಂದೇ ಮಾಡಿದ ಎಚ್/ಟಿ ಟೈರುಗಳಿವೆ. ಇನ್ನೊಂದು ಪಕ್ಕದಲ್ಲಿ, ದಪ್ಪ ರಬ್ಬರ್ ಗಟ್ಟಿಗಳ ನಡುವೆ ಅಗಲವಾದ ಕಾಲುವೆಗಳನ್ನು ಬಿಟ್ಟಿರುವ, ಗ್ಯಾರೇಜುಗಳಲ್ಲಿ ಬಟನ್ ಟೈರೆಂದು ಕರೆಯುವ ಎಂ/ಟಿ ಅಥವಾ ಕೆಸರಿನ ಟೈರುಗಳಿವೆ. ಆಲ್ ಟೆರೇನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಮೊದಲ ಟೈರನ್ನು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1976ರಲ್ಲಿ ಹೊರತಂದಿತು. ಭಾರತದಲ್ಲಿ ಈಗ ಎಂ.ಆರ್.ಎಫ್., ಅಪೋಲೊ, ಸಿಯೆಟ್, ಜೆ.ಕೆ. ಕಂಪನಿಗಳೂ ಹಲವು ವಿದೇಶಿ ಕಂಪನಿಗಳೂ ಈ ವರ್ಗದ ಟೈರುಗಳನ್ನು ಮಾರುತ್ತವೆ. ಇವುಗಳಲ್ಲಿ ಜೆ.ಕೆ.ಯ ಒಂದು ಕಾರ್ಖಾನೆ ಕೊಡಗಿನ ನೆರೆಯ ಮೈಸೂರಿನಲ್ಲಿಯೇ ಇದ್ದು, ಅದು ಮೊದಲು ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಟೈರ್ಸ್ ಆಗಿತ್ತು, 1997ರಲ್ಲಿ ಜೆ.ಕೆ. ಸಮೂಹದ ಕೈ ಸೇರಿತು.

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಶೀತದೇಶದ ಚಾಲಕ ಹಿಮದಿಂದ ಎದುರಿಸುವ ತೊಂದರೆಗಳಲ್ಲಿ ಬಹುಪಾಲನ್ನು ಇಲ್ಲಿಯ ಚಾಲಕ ಮಳೆ, ಮಂಜು, ಜೇಡಿ ಕೆಸರು ಮತ್ತು ಪಾಚಿಯಿಂದ ಎದುರಿಸುತ್ತಾನೆ. ಜಿಲ್ಲೆಯಲ್ಲಿ ರೈಲು ಮಾರ್ಗ ಇಲ್ಲದಿರುವುದರಿಂದ ಕಾಫಿ, ಕರಿಮೆಣಸು, ಗೊಬ್ಬರ, ಮರ, ಶಾಲೆಯ ಮಕ್ಕಳು ಎಲ್ಲರೂ ಎಲ್ಲವೂ ರಬ್ಬರಿನ ಚಕ್ರಗಳ ಮೇಲೆಯೇ ಸಾಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲಿಯೂ ಕಕ್ಕಡ ತಿಂಗಳೆಂದು ಕರೆಯುವ ಜುಲೈ ನಡುವಿನಿಂದ ಆಗಸ್ಟ್ ನಡುವಿನ ಅವಧಿಯಲ್ಲಿ, ಮಳೆ ದಿನಗಟ್ಟಲೆ ಹಿಡಿದುಕೊಳ್ಳುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ; ಭಾಗಮಂಡಲ, ಶಾಂತಳ್ಳಿಗಳ ಕಡೆ ಅದಕ್ಕಿಂತ ಹೆಚ್ಚು; ಪೂರ್ವದ ಕುಶಾಲನಗರದಲ್ಲಿ ಬಹಳ ಕಡಿಮೆ. ಟೈರಿನ ಆಯ್ಕೆಯಲ್ಲಿ ಈ ಅಂತರವೇ ಮುಖ್ಯ. ಮೈಸೂರು, ಕುಶಾಲನಗರ, ಮಡಿಕೇರಿಗಳ ನಡುವೆ ಹೆದ್ದಾರಿಯಲ್ಲಿಯೇ ಓಡಾಡುವ ವಾಹನಕ್ಕೆ ಒಳ್ಳೆಯ ಎಚ್/ಟಿ ಟೈರು ಸಾಕು, ಅದಕ್ಕೆ ಎ/ಟಿ ಹಾಕಿಸುವುದು ಹೆಚ್ಚಿನ ಮಟ್ಟಿಗೆ ಅಲಂಕಾರ. ಆದರೆ ಗಾಳಿಬೀಡು, ಕರಿಕೆ, ಚೇರಂಬಾಣೆ, ಶಾಂತಳ್ಳಿಗಳ ಸುತ್ತಮುತ್ತ ಡಾಂಬರು ಮುಗಿದ ಮೇಲೂ ಒಂದೆರಡು ಕಿಲೋಮೀಟರ್ ತೋಟದೊಳಗೆ ಹೋಗಬೇಕಾದ ಮನೆಗಳ ವಾಹನಕ್ಕೆ ಎ/ಟಿ ನಿಜವಾದ ಅಗತ್ಯ.

ಜೀಪಿನ ಕಾಲದಿಂದ

ಕೊಡಗಿನ ತೋಟಗಳಲ್ಲಿ ಈ ಪ್ರಶ್ನೆ ಜೀಪಿನಷ್ಟೇ ಹಳೆಯದು. ಎರಡನೆಯ ಮಹಾಯುದ್ಧದ ಜೀಪುಗಳು 6.00-16 ಅಳತೆಯ, ಕಿರಿದಾದ, ಎತ್ತರದ ಟೈರುಗಳ ಮೇಲೆ ಓಡುತ್ತಿದ್ದವು. ಇಂಥ ಟೈರಿನ ಒಳಗಿನ ದಾರದ ಪದರಗಳು ಒಂದರ ಮೇಲೊಂದು ಅಡ್ಡಡ್ಡವಾಗಿ ಕೂತಿರುತ್ತವೆ, ಮೇಲಿನ ರಬ್ಬರ್ ಪಟ್ಟಿಗಳು ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ಹಿಡಿಯುವಂತೆ ಇರುತ್ತವೆ. ಭಾರತದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಮಲೆನಾಡಿನ ಬೆಳೆಗಾರರ ಮನೆಯಂಗಳದಲ್ಲಿ ಈ ಟೈರು ಪರಿಚಿತವಾಯಿತು. ಕಿರಿದಾದ ಟೈರು ಮೇಲುಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತಿದ್ದುದರಿಂದ ತೋಟದೊಳಗೆ ಅದರ ಕೆಲಸ ಚೆನ್ನಾಗಿಯೇ ಇತ್ತು. ಒದ್ದೆ ಡಾಂಬರಿನ ಮೇಲೆ ಮಾತ್ರ ಅದರ ಗಡಸು ರಬ್ಬರ್ ಜಾರುತ್ತಿತ್ತು. ಆಗ ವೇಗ ಕಡಿಮೆ ಇದ್ದುದರಿಂದ ಆ ದೋಷ ಅಷ್ಟಾಗಿ ಕಾಡಲಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿ, ಬಳಿಕ ಬೊಲೆರೊ, 2010ರಲ್ಲಿ ಬಂದು 2020ರಲ್ಲಿ ಹೊಸ ರೂಪ ಪಡೆದ ಥಾರ್, 2023ರ ಜಿಮ್ನಿ ಇವೆಲ್ಲ ಹಂತಹಂತವಾಗಿ ವೇಗವನ್ನು ಹೆಚ್ಚಿಸಿದವು; ಒಂದೇ ವಾಹನ ಬೆಳಿಗ್ಗೆ ತೋಟದ ಲೈನ್ ಮನೆಗಳವರೆಗೆ ಹೋಗಿ ಮಧ್ಯಾಹ್ನ ಮೈಸೂರಿನ ಆಸ್ಪತ್ರೆಗೂ ಹೋಗಿಬರುವ ರೂಢಿ ಬೆಳೆಯಿತು. ಎ/ಟಿ ಟೈರಿಗೆ ಕೊಡಗಿನಲ್ಲಿ ಜಾಗ ದೊರೆತದ್ದು ಈ ಎರಡು ಬಗೆಯ ಓಡಾಟ ಒಂದೇ ವಾಹನದಲ್ಲಿ ಸೇರಿಕೊಂಡದ್ದರಿಂದ.

ಹಿಡಿತದ ಕಾರಣಗಳು

ಟೈರು ನೆಲವನ್ನು ಹಿಡಿಯುವುದು ಎರಡು ಬಗೆಯಲ್ಲಿ. ಡಾಂಬರು, ಕಾಂಕ್ರೀಟು, ಬಂಡೆಗಳಂಥ ಗಟ್ಟಿ ನೆಲದ ಮೇಲೆ ರಬ್ಬರ್ ಎಷ್ಟು ಹೆಚ್ಚು ಜಾಗದಲ್ಲಿ ತಾಗುತ್ತದೆ, ಎಷ್ಟು ಮೆದುವಾಗಿ ನೆಲದ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗುತ್ತದೆ ಎಂಬುದು ಮುಖ್ಯ. ಮೆತ್ತನೆಯ ಮಣ್ಣಿನಲ್ಲಿಯಾದರೆ ರಬ್ಬರ್ ಗಟ್ಟಿಗಳು ಮಣ್ಣನ್ನು ಕಚ್ಚಿ ಹಿಂದಕ್ಕೆ ದೂಡಬೇಕು, ಮುಂದಿನ ಸುತ್ತು ಬರುವಷ್ಟರಲ್ಲಿ ನಡುವಿನ ಕಾಲುವೆಗಳು ಮಣ್ಣನ್ನು ಚಿಮ್ಮಿ ಖಾಲಿಯಾಗಬೇಕು. ಈ ಎರಡು ಗುಣಗಳು ಒಂದಕ್ಕೊಂದು ವಿರೋಧಿ. ಕಾಲುವೆ ಅಗಲವಾದಷ್ಟೂ ಡಾಂಬರನ್ನು ತಾಗುವ ರಬ್ಬರ್ ಕಡಿಮೆಯಾಗುತ್ತದೆ, ಕಿರಿದಾದಷ್ಟೂ ಕೊಡಗಿನ ಅಂಟುವ ಕೆಂಪು ಜೇಡಿಮಣ್ಣು ಅದರಲ್ಲಿ ತುಂಬಿ ಟೈರನ್ನು ನುಣ್ಣಗಿನ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಎ/ಟಿ ಟೈರು ಈ ಎರಡರ ನಡುವಿನ ಒಪ್ಪಂದವಷ್ಟೆ, ಎರಡರಲ್ಲಿಯೂ ಅದು ಅತ್ಯುತ್ತಮವಲ್ಲ.

ಕೆಸರಿನ ಟೈರು ಎಲ್ಲ ಬಗೆಯ ಕೆಟ್ಟ ದಾರಿಗೂ ಉತ್ತಮವೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಕೊಡಗಿನಲ್ಲಿ ಅದು ಅರ್ಧ ಮಾತ್ರ ಸರಿ. ಇಲ್ಲಿಯ ತೋಟದ ದಾರಿಗಳಲ್ಲಿ ಏರಿನ ಜಾಗಗಳಿಗೆ ಕಲ್ಲು ಹಾಸಿರುತ್ತಾರೆ ಅಥವಾ ಚಕ್ರಗಳು ಹಾಯುವ ಎರಡು ಜಾಡುಗಳಿಗೆ ಕಾಂಕ್ರೀಟು ಹಾಕಿರುತ್ತಾರೆ. ಮರದ ನೆರಳಿನಲ್ಲಿ ಬಿಸಿಲು ಕಾಣದ ಈ ಕಾಂಕ್ರೀಟು ಜುಲೈ ವೇಳೆಗೆ ಹಸಿರು ಪಾಚಿ ಕಟ್ಟುತ್ತದೆ, ಅದರ ಮೇಲೆ ಕೊಳೆತ ತರಗೆಲೆ ಹರಡಿರುತ್ತದೆ. ಇಂಥ ಕಡೆ ಅಗೆಯಲು ಮಣ್ಣೇ ಇಲ್ಲವಾದ್ದರಿಂದ ಬಟನ್ ಟೈರಿನ ದಪ್ಪ ಗಟ್ಟಿಗಳು ನಿರುಪಯೋಗಿ. ಉಪಯೋಗಕ್ಕೆ ಬರುವುದು ರಬ್ಬರ್ ಗಟ್ಟಿಗಳ ಮೈಯಲ್ಲಿ ಬ್ಲೇಡಿನಿಂದ ಕೊಯ್ದಂತೆ ಇರುವ ಸೈಪ್ ಎಂಬ ಸಣ್ಣ ಸೀಳುಗಳು; ಭಾರ ಬಿದ್ದಾಗ ಇವು ತೆರೆದುಕೊಂಡು ಹತ್ತಾರು ಹೊಸ ಅಂಚುಗಳನ್ನು ಒದಗಿಸುತ್ತವೆ, ತೆಳುವಾದ ನೀರಿನ ಪದರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಒತ್ತಾಗಿ ಸೈಪ್ ಇರುವ ಎ/ಟಿ ಟೈರು ಪಾಚಿಯ ಏರಿನಲ್ಲಿ ಕೆಸರಿನ ಟೈರಿಗಿಂತ ಮೇಲು. ಸಂಪಾಜೆ ಘಾಟಿಯಂಥ ಒದ್ದೆ ತಿರುವುಗಳಲ್ಲಿ ಬ್ರೇಕು ಹಾಕುವಾಗಲೂ ಇದೇ ಮಾತು ಅನ್ವಯಿಸುತ್ತದೆ. ವರ್ಷದ ಓಡಾಟದಲ್ಲಿ ಹೆಚ್ಚಿನ ಪಾಲು ಡಾಂಬರಿನ ಮೇಲೆಯೇ ನಡೆಯುತ್ತದೆ. ಕೆಸರಿನಲ್ಲಿ ಹೂತ ವಾಹನವನ್ನು ಟ್ರ್ಯಾಕ್ಟರ್ ತಂದು ಎಳೆಸಬಹುದು, ಘಾಟಿಯಲ್ಲಿ ಜಾರಿದ ವಾಹನಕ್ಕೆ ಆ ಅವಕಾಶ ಇರುವುದಿಲ್ಲ. ಆದ್ದರಿಂದ ಆಯ್ಕೆಯಲ್ಲಿ ಒದ್ದೆ ಡಾಂಬರಿನ ಹಿಡಿತಕ್ಕೆ ಮೊದಲ ಸ್ಥಾನ, ಕೆಸರಿಗೆ ಎರಡನೆಯ ಸ್ಥಾನ ಕೊಡುವುದು ಯುಕ್ತ.

ಬೇಸಿಗೆಯ ಕಷ್ಟ ಬೇರೆ. ನವೆಂಬರಿನಿಂದ ಮಾರ್ಚ್‌ವರೆಗಿನ ಕಾಫಿ ಕೊಯ್ಲಿನಲ್ಲಿ ಪಿಕಪ್‌ಗಳು ಹಣ್ಣಿನ ಮೂಟೆ ಹೊತ್ತು ತೋಟದಿಂದ ಕಣಕ್ಕೆ ಓಡಾಡುವಾಗ ಚೂಪು ಜಲ್ಲಿಯೂ ಸವರಿದ ಗಿಡಗಳ ಮೊನೆಯೂ ಟೈರಿನ ಮಗ್ಗುಲನ್ನು ಸೀಳುತ್ತವೆ. ಮೇಲ್ಭಾಗದ ತೂತಿಗೆ ಪಂಕ್ಚರ್ ಹಾಕಬಹುದು, ಮಗ್ಗುಲು ಸೀಳಿದರೆ ಟೈರನ್ನೇ ಬದಲಿಸಬೇಕಾಗುತ್ತದೆ. ಮಗ್ಗುಲಿಗೆ ಹೆಚ್ಚಿನ ಪದರವಿರುವ ಎ/ಟಿ ಟೈರು ಭಾರ ಹೊರುವ ವಾಹನಗಳಿಗೆ ಬೆಲೆ ಬಾಳುವುದು ಈ ಕಾರಣಕ್ಕೆ. ಪದರ ಹೆಚ್ಚಿದಷ್ಟೂ ತೂಕ ಹೆಚ್ಚಿ ಸ್ಟೀರಿಂಗ್ ಬಿಗಿಯಾಗುವುದೂ ಮೈಲೇಜು ಇಳಿಯುವುದೂ ಅನಿವಾರ್ಯ. ಫೆಬ್ರವರಿ, ಮಾರ್ಚ್ ತಿಂಗಳ ಹೂಮಳೆ ಬೆಳೆಗಾರನಿಗೆ ವರವಾದರೂ, ಬೇಸಿಗೆಯ ಧೂಳೂ ಸೋರಿದ ಎಣ್ಣೆಯೂ ಕೂತ ಡಾಂಬರನ್ನು ಮೊದಲ ಅರ್ಧ ಗಂಟೆ ಅದು ನಡುಮಳೆಗಾಲಕ್ಕಿಂತಲೂ ಜಾರುವಂತೆ ಮಾಡುತ್ತದೆ.

ಹಿಮದ ಗುರುತುಗಳು

ಅಂಗಡಿಯಲ್ಲಿ ಎ/ಟಿ ಟೈರು ನೋಡುವವರಿಗೆ ಎರಡು ಗುರುತುಗಳು ಕಾಣುತ್ತವೆ. ಮೊದಲನೆಯದು ಕೆಸರು ಮತ್ತು ಹಿಮವನ್ನು ಸೂಚಿಸುವ ಎಂ+ಎಸ್. ಇದನ್ನು ಟೈರಿನ ಗೆರೆಗಳ ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುತ್ತಾರೆ. ಎರಡನೆಯದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ. 1999ರಿಂದ ಬಳಕೆಗೆ ಬಂದ ಇದನ್ನು ಪಡೆಯಬೇಕಾದರೆ ಟೈರು ಹಿಮದ ಮೇಲಿನ ಎಳೆತದ ಪರೀಕ್ಷೆಯಲ್ಲಿ ನಿಗದಿತ ಮಟ್ಟವನ್ನು ಮುಟ್ಟಿರಬೇಕು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ರಬ್ಬರ್ ಗಡಸಾಗುವುದರಿಂದ ಈ ಟೈರುಗಳ ರಬ್ಬರನ್ನು ಚಳಿಯಲ್ಲಿಯೂ ಮೆದುವಾಗಿ ಉಳಿಯುವಂತೆ ಬೆರೆಸಿರುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಹಿಮದ ದಿನಗಳಿಗೆ ಎಂ+ಎಸ್ ಗುರುತೊಂದೇ ಸಾಲದು, ಬೆಟ್ಟದ ಚಿತ್ರವೂ ಬೇಕು. ಆ ದೇಶಗಳಲ್ಲಿ ನೆಲೆಸಿದ ಕೊಡಗಿನ ಕುಟುಂಬಗಳಿಗೆ ಈ ವ್ಯತ್ಯಾಸ ಕಾನೂನಿನ ವಿಷಯ. ಮಡಿಕೇರಿಯ ಡಿಸೆಂಬರ್ ಚಳಿಯಾದರೋ ಇಂಥ ರಬ್ಬರನ್ನು ಬೇಡುವುದಿಲ್ಲ, ಮತ್ತು ಬೆಟ್ಟದ ಚಿತ್ರ ಒದ್ದೆ ಡಾಂಬರಿನ ಹಿಡಿತಕ್ಕೆ ಪ್ರಮಾಣಪತ್ರವೂ ಅಲ್ಲ. ಕೊಡಗಿನಿಂದ ಮನಾಲಿ, ಸ್ಪಿತಿಗಳಿಗೆ ಸ್ವಂತ ವಾಹನದಲ್ಲಿ ಹೊರಡುವವರಿಗೆ ಅದು ತಕ್ಕಮಟ್ಟಿಗೆ ಉಪಯುಕ್ತವಾದರೂ ಗಟ್ಟಿ ಮಂಜುಗಡ್ಡೆಯ ಮೇಲೆ ಯಾವ ಎ/ಟಿ ಟೈರೂ ಸಾಲದೆ ಅಲ್ಲಿಯ ಚಾಲಕರು ಚಕ್ರಕ್ಕೆ ಚೈನು ಕಟ್ಟುತ್ತಾರೆ. ಮಲೆನಾಡಿನ ಜೀಪಿನವರು ಹೂಳು ದಾರಿಗೆ ಮಾಡುವುದೂ ಅದನ್ನೇ. ವರ್ಷಕ್ಕೆ ಕೆಲವೇ ದಿನ ಎದುರಾಗುವ ಕಡುಕೆಸರಿಗೆಂದು ವರ್ಷವಿಡೀ ಬಟನ್ ಟೈರಿನ ಸದ್ದನ್ನೂ ಜಾರಿಕೆಯನ್ನೂ ಸಹಿಸುವುದಕ್ಕಿಂತ ಎ/ಟಿ ಟೈರಿನ ಜೊತೆ ಒಂದು ಜೊತೆ ಚೈನು ಇಟ್ಟುಕೊಳ್ಳುವುದು ಅಗ್ಗ. ಡಾಂಬರು ಸಿಕ್ಕಿದೊಡನೆ ಅದನ್ನು ಬಿಚ್ಚಲೇಬೇಕು.

ಅಳತೆ ಮತ್ತು ಕಾನೂನು

ಟೈರಿನ ಮೇಲಿನ 245/75 ಆರ್ 16 ಎಂಬ ಬರಹದಲ್ಲಿ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಮಗ್ಗುಲಿನ ಎತ್ತರ, ಆರ್ ಎಂಬುದು ರೇಡಿಯಲ್ ರಚನೆ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 2020ರ ಥಾರ್ ಈ ಅಳತೆಯಲ್ಲಿಯೂ 255/65 ಆರ್ 18ರಲ್ಲಿಯೂ ಬಂದಿತು. ಎರಡರ ಒಟ್ಟು ಎತ್ತರ ಕ್ರಮವಾಗಿ ಸುಮಾರು 774 ಮತ್ತು 789 ಮಿಲಿಮೀಟರ್. ಎತ್ತರ ಹೆಚ್ಚು ಕಡಿಮೆ ಒಂದೇ ಆದರೂ 16 ಇಂಚಿನ ಟೈರಿನ ಮಗ್ಗುಲು ಹೆಚ್ಚು ಎತ್ತರವಾಗಿರುವುದರಿಂದ ಗುಂಡಿಗಳ ಪೆಟ್ಟು ರಿಮ್ಮಿಗೆ ತಾಗುವುದು ಕಡಿಮೆ, ತೋಟದ ಬಳಕೆಗೆ ಅದೇ ಲೇಸು. ಜಿಮ್ನಿಯ 195/80 ಆರ್ 15ರ ಬದಲು ಬೊಲೆರೊಗೆ ಬರುವ 215/75 ಆರ್ 15 ಹಾಕಿದರೆ ಎತ್ತರ ಸುಮಾರು 10 ಮಿಲಿಮೀಟರ್, ಅಂದರೆ ಶೇಕಡಾ 1.5ರಷ್ಟು ಮಾತ್ರ ಹೆಚ್ಚುತ್ತದೆ. ಅಳತೆಯ ಮುಂದೆ ಇರುವ 96 ಎಸ್‌ನಂಥ ಬರಹದಲ್ಲಿ 96 ಎಂದರೆ ಒಂದು ಟೈರು 710 ಕಿಲೋಗ್ರಾಂ ಹೊರಬಲ್ಲದು, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರಿನವರೆಗೆ ತಾಳಬಲ್ಲದು. ಮೂಲ ಟೈರಿಗಿಂತ ಕಡಿಮೆ ಭಾರದ ಅಂಕಿಯ ಟೈರನ್ನು ಎಂದಿಗೂ ಕೊಳ್ಳಬಾರದು.

ಅತಿಯಾಗಿ ದೊಡ್ಡ ಟೈರು ಹಾಕಿಸಿ ಬಾಡಿ ಎತ್ತರಿಸುವುದು ಕಾನೂನಿಗೂ ವಿರುದ್ಧ. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಂಥ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ತಯಾರಕರು ಆ ಮಾದರಿಗೆ ಸೂಚಿಸಿದ ಅಳತೆಯೊಳಗೇ ಇರುವುದು ಕ್ಷೇಮ.

ಬಳಕೆ

ಮಾಂದಲಪಟ್ಟಿಯ ದಾರಿಯಂಥ ಕಲ್ಲುಕೊರಕಲಿನಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ನೆಲದ ಮೇಲೆ ಹೆಚ್ಚು ಹರಡಿಕೊಂಡು ಹಿಡಿಯುತ್ತದೆ. 30ರ ಆಸುಪಾಸಿನ ಪಿ.ಎಸ್.ಐ.ಯನ್ನು 20ರ ಸುತ್ತಮುತ್ತ ಇಳಿಸುವುದು ಸಾಮಾನ್ಯ ರೂಢಿ, ಅದಕ್ಕಿಂತ ತೀರ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಬೇಕಾದ್ದರಿಂದ ಚಿಕ್ಕ ಕಂಪ್ರೆಸರ್ ಜೊತೆಯಲ್ಲಿರಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಹಾಗೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳದಾರಿಗಳು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಯಾವ ಟೈರಿದ್ದರೂ ಅಲ್ಲಿ ಸ್ವೇಚ್ಛೆಯಿಂದ ಓಡಿಸಲು ಅವಕಾಶವಿಲ್ಲ. ಖಾಸಗಿ ತೋಟದಲ್ಲಿಯೂ ಮಳೆಗಾಲದಲ್ಲಿ ಚಕ್ರ ಸುತ್ತಿಸಿ ಇಳಿಜಾರನ್ನು ಅಗೆಯುವುದು ನೀರಿಗೆ ಹೊಸ ಕಾಲುವೆ ಕೊರೆದುಕೊಟ್ಟಂತೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಸುತ್ತ ಗುಡ್ಡಗಳು ಕುಸಿದುದನ್ನು ಕಂಡ ಜಿಲ್ಲೆಯಲ್ಲಿ ಇದನ್ನು ವಿನೋದವೆನ್ನಲಾಗದು.

ಟೈರಿನ ಮಗ್ಗುಲಿನಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ; 2324 ಎಂದರೆ 2024ರ 23ನೆಯ ವಾರ. ಕಡಿಮೆ ಓಡುವ ತೋಟದ ಜೀಪುಗಳಲ್ಲಿ ಗೆರೆ ಸವೆಯುವ ಮೊದಲೇ ರಬ್ಬರ್ ಒಣಗಿ ಬಿರಿಯುವುದರಿಂದ ಈ ಅಂಕಿಗೆ ಬೆಲೆಯಿದೆ. ಕಾರುಗಳಿಗೆ ಕಾನೂನು ಬೇಡುವ ಕನಿಷ್ಠ ಗೆರೆಯ ಆಳ 1.6 ಮಿಲಿಮೀಟರ್. ಘಾಟಿಯ ನೀರನ್ನು ಹೊರಹಾಕಲು ಅದು ಏನೇನೂ ಸಾಲದು. 3 ಮಿಲಿಮೀಟರಿಗೆ ಇಳಿದ ಟೈರನ್ನು ಇನ್ನೊಂದು ಮಳೆಗಾಲಕ್ಕೆ ಉಳಿಸಿಕೊಳ್ಳಬಾರದು. ಹೊಸ ರಬ್ಬರಿನ ಮೇಲಿನ ನುಣುಪು ಪದರ ಹೋಗಿ ಟೈರು ಪೂರ್ಣವಾಗಿ ಹಿಡಿಯತೊಡಗಲು ಕೆಲವು ನೂರು ಕಿಲೋಮೀಟರಿನ ಓಟ ಬೇಕಾಗುವುದರಿಂದ ಕೊಡಗಿನಲ್ಲಿ ಟೈರು ಬದಲಿಸಲು ಜೂನಿಗಿಂತ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಗಳೇ ಸೂಕ್ತ ಕಾಲ.