ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು: ಸಾರ್ವಜನಿಕ ಸೇವೆಯಲ್ಲಿ ಸರ್ಕಾರೇತರ ಸಹಭಾಗಿತ್ವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಶಾಲೆ, ಮಕ್ಕಳ ಊಟ, ಚಿಕಿತ್ಸೆಗಳ ಹೊಣೆಯನ್ನು ಸರ್ಕಾರ ಬಹುಕಾಲದಿಂದ ಮಠ, ವಿದ್ಯಾಸಂಘ, ಖಾಸಗಿ ಆಸ್ಪತ್ರೆ, ಪ್ರತಿಷ್ಠಾನಗಳೊಂದಿಗೆ ಹಂಚಿಕೊಂಡು ಬಂದಿದೆ.

1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಈ ಸೀಮೆ ಮದ್ರಾಸಿನ ಆಡಳಿತದಲ್ಲಿತ್ತು. 1854ರ ಚಾರ್ಲ್ಸ್ ವುಡ್ ವರದಿಯ ಬಳಿಕ ಖಾಸಗಿ ಶಾಲೆಗಳಿಗೆ ಸಹಾಯಧನದ ಪದ್ಧತಿ ಬಂತು. ಶಾಲೆ ನಡೆಸುವುದು ಆಡಳಿತ ಮಂಡಳಿ. ನೆರವು, ತಪಾಸಣೆ ಸರ್ಕಾರದ್ದು. ಇಂದಿನ ಅನುದಾನಿತ ಶಾಲೆಗಳ ಮೂಲ ಇದೇ. 1916ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘದ ಕೆಲಸ ಹಡಗಲಿಗೂ ಹಬ್ಬಿತು. ಹರಪನಹಳ್ಳಿಯಲ್ಲಿ ತೆಗ್ಗಿನಮಠದ ವಿದ್ಯಾಸಂಸ್ಥೆ ಬೆಳೆಯಿತು.

2002ರ ಜೂನ್‌ನಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಶಾಲಾ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಶುರುವಾದಾಗ ಬಳ್ಳಾರಿ ಆ ಪಟ್ಟಿಯಲ್ಲಿತ್ತು. ಹರಪನಹಳ್ಳಿ ಇರಲಿಲ್ಲ, 1997ರಲ್ಲಿ ಅದನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಗಿತ್ತು. ಅದೇ ಬರದ ನೆಲ, ಅದೇ ಹಸಿವು. ಆದರೂ ಅಲ್ಲಿನ ಮಕ್ಕಳು ಬಿಸಿಯೂಟಕ್ಕೆ ಮರುವರ್ಷದವರೆಗೆ ಕಾಯಬೇಕಾಯಿತು. ಬೆಂಗಳೂರು, ಹುಬ್ಬಳ್ಳಿಯಂಥ ನಗರಗಳ ಶಾಲೆಗಳಿಗೆ ಅಕ್ಷಯ ಪಾತ್ರೆಯಂಥ ಸಂಸ್ಥೆಗಳ ದೊಡ್ಡ ಅಡುಗೆಮನೆಗಳಿಂದ ಊಟ ವ್ಯಾನಿನಲ್ಲಿ ಬರುತ್ತದೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ಶಾಲೆಯಲ್ಲೇ ಬೇಯುತ್ತದೆ. ಅಕ್ಕಿ, ಬೇಳೆ, ಎಣ್ಣೆ ಇಲಾಖೆಯಿಂದ ಬರುತ್ತವೆ, ತರಕಾರಿಯನ್ನು ಶಾಲೆಯವರು ಸಂತೆಯಲ್ಲೋ ಅಂಗಡಿಯಲ್ಲೋ ಕೊಳ್ಳುತ್ತಾರೆ. ಒಲೆಯ ಮುಂದೆ ನಿಲ್ಲುವ ಊರ ಹೆಂಗಸರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇಡೀ ಯೋಜನೆಯನ್ನು ಹೊತ್ತವರಿಗೆ ಇದು ನ್ಯಾಯವಲ್ಲ. 2013ರ ಆಗಸ್ಟ್‌ನಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂದಾಗ ಹಾಲಿನಪುಡಿ ಕೊಟ್ಟಿದ್ದು ರೈತರ ಸಹಕಾರಿ ಸಂಸ್ಥೆಯಾದ ಕೆಎಂಎಫ್.

ಆರೋಗ್ಯದಲ್ಲೂ ಜಿಲ್ಲೆಯ ಗಡಿ ಅಡ್ಡ ಬಂತು. ಬಡ ಕುಟುಂಬಗಳ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳಿಗೆ ಖಾಸಗಿ ಆಸ್ಪತ್ರೆಗಳಲ್ಲೂ ಸರ್ಕಾರವೇ ಖರ್ಚು ಭರಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಗುಲ್ಬರ್ಗ ವಿಭಾಗದಲ್ಲಿ ಜಾರಿಯಾಯಿತು. ಬಳ್ಳಾರಿ ಅದರೊಳಗಿತ್ತು. ಬೆಂಗಳೂರು ವಿಭಾಗದ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಮತ್ತೆ ಹಿಂದೆ ಉಳಿಯಿತು. 2018ರಲ್ಲಿ ಆ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ರಾಜ್ಯವು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಹೆಚ್ಚಿದ ನಾಲ್ಕು ದಿನಗಳ ಖರ್ಚು ಫೌಂಡೇಷನ್‌ನದು. ಅವಧಿ ಮುಗಿದ ಮೇಲೂ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದೇ.